ಎಡದ ಡ್ರಾಯರ್

ಸಂಗಮೇಶ ಟೀ ಕುಡಿದು ಬರುವಷ್ಟರಲ್ಲಿ, ಅವನು ಮಾಡಿಟ್ಟ ಎರಡು ಡ್ರಾಯರ್‌ಗಳ ಹಿಂದಿದ್ದ ‘ಎಡ’, ‘ಬಲ’ ಎಂಬ ಪೆನ್ಸಿಲ್ ಗುರುತನ್ನು ಹಳೆಯ ಕೆಲಸಗಾರ ರೇವಂತ್ ಅಳಿಸಿ ಅದಲುಬದಲು ಬರೆದ. ಪ್ರತಿ ಡ್ರಾಯರನ್ನೂ ಅದರದೇ ಗೂಡಿಗೆ ಉಜ್ಜಿ ಕೂರಿಸಿರುತ್ತಾರೆ, ಬದಲಾದರೆ ಸಿಕ್ಕಿಕೊಳ್ಳಲೇಬೇಕು. ಬಂದು ಆರು ತಿಂಗಳಾಗಿಲ್ಲ, ಆಗಲೇ ಇವನು ಮೇಸ್ತ್ರಿಯಾಗುವುದೇ?

ಕೋಣನಕುಂಟೆಯ ಆ ವರ್ಕ್‌ಶಾಪಿನ ಓನರ್ ಬೈರಣ್ಣ, ಮರಗೆಲಸ ನೋಡಿ ಮೇಸ್ತ್ರಿಯನ್ನು ಆರಿಸಲು ಬಂದು ನಿಂತರು.

“ತಳ್ಳು ಗುರು, ಹೀರೋ ಎಂಟ್ರಿಗೆ ಥಿಯೇಟರೇ ಕಾಯ್ತೈತೆ!” ಎಂದ ರೇವಂತ್.

ಸಂಗಮೇಶ ಗುರುತು ನೋಡಿ, ಬೆರಳ ತುದಿಯಿಂದ ತಳ್ಳಿದ. ಡ್ರಾಯರ್ ಸದ್ದಿಲ್ಲದೆ ಒಳಗೆ ಹೋಯಿತು. ಇನ್ನೊಂದೂ ಹಾಗೆಯೇ ಹೋಯಿತು.

“ಲೋ, ಎಡದ್ದು ಬಲಕ್ಕೂ ಹೋಯ್ತಲ್ಲೋ!” ರೇವಂತ್ ಬಾಯಿತಪ್ಪಿ ಕೂಗಿದ.

ಬೈರಣ್ಣ ಅವನನ್ನೇ ನೋಡಿದರು. “ಮೇಸ್ತ್ರಿ ಯಾರು ಅಂತ ನೀನೇ ಹೇಳ್ಬಿಟ್ಯಲ್ಲೋ.”