ಕೆಂಚನಿಗೆ ಸಿಕ್ಕ ಬಯಲು

ಒದ್ದೆ ಕಂಬಳಿಯ ವಾಸನೆ ಬಂದರೆ ಈಗಲೂ ನನಗೆ ಜವನಗೊಂಡನಹಳ್ಳಿಯ ಅಜ್ಜಿಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಚರಂಡಿಯಲ್ಲಿ ಬಿದ್ದಿದ್ದ ನಾಯಿಮರಿ ಕೆಂಚನನ್ನು ನಾನೇ ಎತ್ತಿ ತಂದು ಸಾಕಿದ್ದೆ. ಆ ಮನೆಯಲ್ಲಿ ನನ್ನ ಜೊತೆ ಆಡಲು ಬೇರೆ ಯಾರೂ ಇರಲಿಲ್ಲ. ಬೆಳೆದ ಮೇಲೆ ಅದು ಕಟ್ಟಿದಲ್ಲಿ ನಿಲ್ಲದಾಯಿತು. ಪಕ್ಕದ ಮನೆಯ ಕೋಳಿಗಳನ್ನು ಅಟ್ಟಾಡಿಸಿ ದೊಣ್ಣೆಯೇಟು ತಿಂದು ಬಂತು.

ಮಂದೆಯೊಂದಿಗೆ ಹೊರಟಿದ್ದ ಕುರಿಗಾಹಿ ತಾತನನ್ನು ಅಜ್ಜಿ ಕರೆದಳು. "ಇದು ನಾಯಲ್ಲಪ್ಪ, ಗಾಳಿ. ಒಗೆದ ಸೀರೇನೂ ಎಳ್ಕೊಂಡು ಊರು ಸುತ್ತತೈತೆ. ನಿನ್ ಮಂದೆ ಜೊತೆ ಕರ್ಕೊಂಡು ಹೋಗು."

"ನಮ್ ಹತ್ರ ಸೀರೆ ಇಲ್ಲ, ತೋಳ ಅವೆ. ಓಡ್ಲಿ ಬಿಡ್ರಿ," ಎಂದು ತಾತ ನಗುತ್ತಾ ಹೆಗಲ ಕಂಬಳಿಯನ್ನು ನೆಲಕ್ಕೆ ಹಾಸಿದ. ಬೆಳಗಿನ ಸೋನೆಗೆ ನೆನೆದಿದ್ದ ಅದನ್ನು ಕೆಂಚ ಮೂಸಿತು, ಅದರ ಮೇಲೆ ಹೊರಳಾಡಿತು. ನಾನೂ ಮುಟ್ಟಿದೆ; ಒರಟಾಗಿ ಚುಚ್ಚುತ್ತಿತ್ತು.

"ರಾತ್ರಿ ಎಲ್ಲಿ ಮಲಗ್ತೈತೆ?" ಎಂದು ಕೇಳಿದೆ.

"ಇದ್ರ ಮ್ಯಾಲೇನೇ, ನನ್ ಪಕ್ಕ. ನನ್ ಮುದ್ದೇಲಿ ಅದ್ಕೂ ಪಾಲೈತೆ. ನಾಯಿ ಹೆಸರೇನವ್ವ?"

ಹೇಳಿದೆ.

"ಇನ್ಮ್ಯಾಲೆ ನೀನು ಕರೀಬ್ಯಾಡ. ಕರೆದ್ರೆ ತಿರುಗಿ ಬಂದುಬಿಡ್ತೈತೆ."

ಕುರಿಗಳು ನಡೆದವು. ಕೆಂಚ ಮಾತ್ರ ನನ್ನ ಮುಖ ನೋಡುತ್ತಾ ಕಾಲ ಬಳಿಯೇ ನಿಂತಿತ್ತು. ನಾನು ತುಟಿ ಕಚ್ಚಿಕೊಂಡೆ. ದೂರದಿಂದ ತಾತ "ಕೆಂಚಾ!" ಎಂದು ಕೂಗಿದ. ಕಿವಿ ನಿಮಿರಿಸಿ ಓಡಿತು. ಅಷ್ಟು ದೂರ ಅದು ಓಡಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಮುದ್ದೆಗೂ ನಿದ್ದೆಗೂ ಜಾಗ ಸಿಕ್ತು. ನಮ್ ದೇವ್ರು ಮೈಲಾರಪ್ಪ ದೊಡ್ಡೋನು," ಎಂದು ಅಜ್ಜಿ ಕೈ ಮುಗಿದಳು. ನಾನೂ ಮುಗಿದೆ. ಆ ಸಂಜೆ ಅಂಗಳದಲ್ಲಿ ನಿಂತು ಕೂಗಿ ಕರೆಯಲು ನನಗೆ ಯಾರೂ ಇರಲಿಲ್ಲ.