ಮೊದಲ ಭಾನುವಾರದ ಐದು ಕೈ

ಪ್ರತಿ ವಾರ್ಷಿಕೋತ್ಸವದಲ್ಲೂ ಪಾಸ್ಟರು ತಮ್ಮ ಸಭೆ ಹುಟ್ಟಿದ ಕಥೆಯನ್ನು ಹೇಳಲೇಬೇಕು. ಹಿಟ್ಟಿನ ಮಿಲ್ಲಿನ ಮೇಲೆ ಒಂದು ಬಾಡಿಗೆ ಕೋಣೆ, ಏಳೇ ಜನ, ಅವರು ಜೀವನದಲ್ಲಿ ಮಾಡಿದ ಮೊದಲ ಬೈಬಲ್ ಪ್ರಸಂಗ. ಕೊನೆಗೆ "ಎಲ್ಲರೂ ಕಣ್ಣು ಮುಚ್ಚಿ, ಯೇಸುವನ್ನು ಒಪ್ಪಿಕೊಳ್ಳುವವರು ಕೈ ಎತ್ತಿ" ಎಂದರೆ, ಎದ್ದದ್ದು ಐದು ಕೈ! ಈಗ ಅದೇ ಸಭೆಗೆ ಸ್ವಂತ ಕಟ್ಟಡವಿದೆ, ಭಾನುವಾರ ಎಂಟುನೂರು ಜನ ಸೇರುತ್ತಾರೆ.

ಇಪ್ಪತ್ತೈದನೇ ವರ್ಷದ ದಿನ ವೇದಿಕೆ ಹತ್ತುವ ಮುಂಚೆ ಮಾತ್ರ ಅವರಿಗೆ ಮನಸ್ಸು ತಡೆಯಲಿಲ್ಲ. ಆ ಕೋಣೆಯಲ್ಲಿ ಅಂದು ಕೂತಿದ್ದ ಜೀವರತ್ನಮ್ಮನವರನ್ನು ಪಕ್ಕಕ್ಕೆ ಕರೆದರು.

"ಅಮ್ಮಾ, ಅವತ್ತು ಭಯಕ್ಕೆ ನಾನೂ ಕಣ್ಣು ಮುಚ್ಚಿಬಿಟ್ಟಿದ್ದೆ. ದೊಡ್ಡ ಪ್ರಸಂಗಿಗಳ ಥರ ‘ಒಂದು ಕೈ ನೋಡಿದೆ, ಇನ್ನೊಂದು ಕೈ ನೋಡಿದೆ’ ಅಂತ ಐದರ ತನಕ ಬರೀ ಬುರುಡೆ ಬಿಟ್ಟೆ. ಆಮೇಲೆ ಕಣ್ಣು ಬಿಟ್ರೆ ಸರಿಯಾಗಿ ಐದು ಕೈ! ಅಳು ಬಂದು ಯಾರದು ಅಂತಾನೂ ಕಾಣಿಸ್ಲಿಲ್ಲ. ನನ್ನ ಸುಳ್ಳನ್ನ ದೇವರೇ ನಿಜ ಮಾಡಿಬಿಟ್ಟ."

"ನಾನು ಬೆರಳ ಸಂದೀಲಿ ನೋಡ್ತಾನೇ ಇದ್ದೆ ಪಾಸ್ಟ್ರೇ. ಒಂದು ಕೈಯೂ ಎದ್ದಿರ್ಲಿಲ್ಲ, ನೀವು ಎಣಿಸ್ತಾನೇ ಇದ್ರಿ. ನಂಗೇ ನಾಚಿಕೆ ಆಗಿ ಕೈ ಎತ್ತಿದೆ. ನಮ್ಮ ಯಜಮಾನ್ರನ್ನ, ಅತ್ತೇನ, ನಾದಿನೀನ ತಿವಿದು ತಿವಿದು ಎತ್ತಿಸ್ದೆ."

ಪಾಸ್ಟರು ಬೆರಳು ಮಡಚಿ ನೋಡಿಕೊಂಡರು. "ನಾಲ್ಕೇ ಆಯ್ತಲ್ಲಮ್ಮ. ಐದನೇದಾದ್ರೂ ದೇವರು ಎತ್ತಿಸಿದ್ದು ತಾನೆ?"

"ಐದನೇದು ನಿಮ್ಮ ಮನೆಯವರದು. ನಿದ್ದೆಯಿಂದ ಎಬ್ಬಿಸೋಕೆ ಎರಡು ಸಲ ಚಿವುಟಬೇಕಾಯ್ತು."