ಗಂಡನ ಹೆಸರು

ಬೆಳಿಗ್ಗೆ ಹನ್ನೊಂದು ಗಂಟೆ. ಪೊಲೀಸರ ಭತ್ಯೆ ಕಡಿತ ವಿರೋಧಿಸಿ ಧರಣಿ ಕೂತಿದ್ದ ಪೊಲೀಸರ ಹೆಂಡತಿಯರನ್ನು ಪೊಲೀಸರೇ ವ್ಯಾನಿಗೆ ಹತ್ತಿಸಿದರು.

"ಗಂಡಂದಿರ ಹೆಸರೂ ಬರ್ಕೊ. ಎಲ್ಲಾರೂ ಸಸ್ಪೆಂಡ್," ಎಂದು ಇನ್‌ಸ್ಪೆಕ್ಟರ್ ಕಾನ್‌ಸ್ಟೇಬಲ್‌ಗೆ ಹೇಳಿದರು.

"ಈಗಾಗಲೇ ಏಳು ಮಂದಿ ನೌಕರಿ ಬಿಟ್ಟಾರ್ರಿ ಸರ್. ಠಾಣೆ ಕಾಯೋರು ಯಾರು?"

"ಬರಿ ಅಂದ್ರ ಬರಿ."

ನಸುಕಿನಿಂದ ನಿಂತೇ ಇದ್ದ ಕಾನ್‌ಸ್ಟೇಬಲ್ ಒಬ್ಬೊಬ್ಬರನ್ನೇ ಕೇಳಿ, ತನ್ನ ಜೊತೆಗಾರರ ಹೆಸರುಗಳನ್ನು ಬರೆಯುತ್ತ ಕೊನೆಯವಳ ಬಳಿ ಬಂದ.

"ಗಂಡನ ಹೆಸರು ಬಾಯಿಲೆ ಹೇಳಂಗಿಲ್ರಿ ನಾನು," ಎಂದಳು ಅವಳು.

"ಹಂಗಾರ ಒಡಪು ಕಟ್ಟಿ, ಪದದಾಗ ಹೆಸರು ಸೇರಿಸಿ ಹೇಳವಾ," ಇನ್‌ಸ್ಪೆಕ್ಟರ್ ನಕ್ಕರು.

"ಒಡಪು ಮದುವ್ಯಾಗ ಚಂದ್ರಿ ಸಾಹೇಬ್ರ, ವ್ಯಾನಿನ್ಯಾಗಲ್ಲ." ಆಮೇಲೆ ಕಾನ್‌ಸ್ಟೇಬಲ್ ಕಡೆ ತಿರುಗಿ ಮೆಲ್ಲಗೆ, "ಅದೊಂದು ಖಾಲಿ ಬಿಡ್ರಿ," ಎಂದಳು.

ಕಾನ್‌ಸ್ಟೇಬಲ್ ಅವಳ ಹೆಸರಿನ ಮುಂದೆ ತನ್ನ ಹೆಸರು ಬರೆದು, ಪಟ್ಟಿಯನ್ನು ಇನ್‌ಸ್ಪೆಕ್ಟರ್ ಕೈಗೆ ಕೊಟ್ಟ.